ತವರಿಲ್ಲದ ಬಾಣಂತನ

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ರೈಲು ವೈಟ್‌ಫೀಲ್ಡ್ ದಾಟಿ ಮಾಲೂರು ಸೇರುವ ಹೊತ್ತಿಗೆ ನೀಲಗಿರಿ ತೋಪುಗಳ ನಡುವೆ ಇಟ್ಟಿಗೆ ಗೂಡುಗಳ ಹೊಗೆಕೊಳವೆಗಳು ಕಾಣತೊಡಗುತ್ತವೆ. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಊರಿದು. ಗೂಡಿನ ಕೆಲಸಕ್ಕೆ ದೂರದಿಂದ, ಹೊರರಾಜ್ಯಗಳಿಂದ ಸಂಸಾರ ಸಮೇತ ಬಂದವರು ಇಲ್ಲಿ ಬಹಳ. ಹಳೆಯ ಸೀರೆಯನ್ನು ಕೊಂಬೆಗೆ ಕಟ್ಟಿದರೆ ಜೋಲಿಯಾಯಿತು. ಕೂಸು ಅದರಲ್ಲಿ, ತಾಯಿ ಮಣ್ಣಿನಲ್ಲಿ. ಇದೇ ಹಳಿಯ ಮೇಲೆ, 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಓಡತೊಡಗಿದಂದಿನಿಂದ, ಇನ್ನೊಂದು ಬಗೆಯ ಸಂಸಾರಗಳೂ ಪ್ರಯಾಣ ಮಾಡಿವೆ. ಮದರಾಸಿನಲ್ಲಿ ಹಡಗು ಇಳಿದು, ಮರದ ಪೆಟ್ಟಿಗೆಗಳಲ್ಲಿ ಬೈಬಲ್ಲು, ಔಷಧಿ, ಉಣ್ಣೆಬಟ್ಟೆ ತುಂಬಿಕೊಂಡು, ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು ಮೈಸೂರು ಸೀಮೆಗೆ ಬಂದ ಮಿಷನರಿಗಳ ಸಂಸಾರಗಳು. ಗೂಡಿನ ಹೆಣ್ಣಿಗೂ ಬಂಗಲೆಯ ದೊರೆಸಾನಿಗೂ ಹೋಲಿಕೆ ಎಲ್ಲಿಯದು ಎಂದು ಯಾರಾದರೂ ಕೇಳಿದರೆ ತಪ್ಪಲ್ಲ. ಆದರೆ ಒಂದು ಕಷ್ಟ ಇಬ್ಬರಿಗೂ ಒಂದೇ: ಹೆರಿಗೆಗೆ ತವರಿಲ್ಲ.

ಕೋಲಾರ ಸೀಮೆಯಲ್ಲಿ ಚೊಚ್ಚಲ ಹೆರಿಗೆ ತವರಿನದು ಎಂಬುದು ಕಾನೂನಿಗಿಂತ ಗಟ್ಟಿಯಾದ ಮಾತು. ಬಿಸಿನೀರು ಹೊಯ್ಯುವ ಕೈ, ಸಾಂಬ್ರಾಣಿ ಹೊಗೆ ಹಿಡಿಯುವ ಕೈ, ಬಜೆ ತೇಯುವ ಕೈ, ರಾತ್ರಿ ಮಗು ಅತ್ತಾಗ ಎತ್ತಿಕೊಳ್ಳುವ ಕೈ, ಹೀಗೆ ಬಾಣಂತನವೆಂದರೆ ಹಲವು ಕೈಗಳ ಕೆಲಸ. ಒಬ್ಬಳೇ ಮಾಡಿಕೊಂಡ ಬಾಣಂತನಕ್ಕೆ ನಮ್ಮ ಭಾಷೆಯಲ್ಲಿ ಹೆಸರಿಲ್ಲ. ಅದಕ್ಕೆ ಇರುವುದು ಕನಿಕರ ಮಾತ್ರ. ಹೊರದೇಶಕ್ಕೆ ಧರ್ಮಪ್ರಚಾರಕ್ಕೆ ಹೊರಟವರ ತಯಾರಿ ಎಂದಾಗ ಸಾಮಾನ್ಯವಾಗಿ ನೆನಪಾಗುವುದು ದೇವಶಾಸ್ತ್ರದ ಪಾಠ, ಭಾಷೆಯ ಅಭ್ಯಾಸ, ಹಣ ಕೊಡುವ ಸಭೆ, ಹಡಗಿನ ಟಿಕೇಟು. ಇದೆಲ್ಲ ಕೊಡುವವನ ತಯಾರಿ. ಮಗು ಇರುವ ಮನೆಗೆ ಬೇಕಾದದ್ದು ಬೇರೆ, ಕೇಳುವವನ ತಯಾರಿ. ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಈ ನಾಲ್ಕು ಊರುಗಳ ದಾರಿಯಲ್ಲಿ ಸಿಕ್ಕುವ ಸಾಕ್ಷ್ಯಗಳನ್ನು ಜೋಡಿಸಿದರೆ ನನಗೆ ಹೊಳೆಯುವುದಿಷ್ಟು: ಕೊಡಲು ಬಂದ ಮಿಷನರಿಯನ್ನು ಊರಿನವರ ಸಾಲಗಾರನನ್ನಾಗಿ ಮಾಡಿದ್ದು ಅವನ ಮನೆಯ ತೊಟ್ಟಿಲು. ಆ ಸಾಲ ಬಿದ್ದ ಕಡೆ ಅವನ ಕೆಲಸ ಉಳಿಯಿತು. ಬೀಳದ ಕಡೆ ಅದು ಉಪದೇಶವಾಗಿಯೇ ನಿಂತಿತು.

ಕಥೆಯನ್ನು ಕೋಲಾರದ ಆಚೆಯಿಂದಲೇ ಶುರುಮಾಡಬೇಕು. 1793ರಲ್ಲಿ ಮಿಷನರಿ ವಿಲಿಯಂ ಕೇರಿ ಇಂಗ್ಲೆಂಡಿನಿಂದ ಬಂಗಾಳಕ್ಕೆ ಹೊರಡಲು ಸಿದ್ಧನಾದಾಗ ಹೆಂಡತಿ ಡೊರೊಥಿ ಬರುವುದಿಲ್ಲ ಎಂದಳು. ಆಕೆ ತುಂಬು ಗರ್ಭಿಣಿ. ಗಂಡ ಹಿರಿಯ ಮಗನನ್ನು ಕರೆದುಕೊಂಡು ಹಡಗು ಹತ್ತಿಯೂಬಿಟ್ಟಿದ್ದ. ಆದರೆ ಪರವಾನಗಿಯ ತೊಡಕಿನಿಂದ ಆ ಹಡಗಿನಿಂದ ಇಳಿಯಬೇಕಾಯಿತು. ಅಷ್ಟರಲ್ಲಿ ಮಗು ಹುಟ್ಟಿತ್ತು. ಎರಡನೇ ಸಲ ಕೇಳಿದಾಗ ಡೊರೊಥಿ ಒಂದು ಷರತ್ತಿನ ಮೇಲೆ ಒಪ್ಪಿದಳು: ತಂಗಿ ಕ್ಯಾಥರೀನ್ ಜೊತೆಗೆ ಬರಬೇಕು. ಚರಿತ್ರೆ ಬರೆದವರು ಬಹುಮಟ್ಟಿಗೆ ಇದನ್ನು ಹೆಂಗಸಿನ ಹಟ ಎಂಬಂತೆ ದಾಟಿಸಿದ್ದಾರೆ. ನನಗೆ ಕಾಣುವಂತೆ ಆ ತಂಡದಲ್ಲಿ ಪ್ರಯಾಣದ ತಯಾರಿಯನ್ನು ಸರಿಯಾಗಿ ಲೆಕ್ಕ ಹಾಕಿದವಳು ಅವಳೊಬ್ಬಳೇ. ತವರನ್ನು ಬಿಟ್ಟು ಹೋಗಲೇಬೇಕಾದರೆ ತವರಿನ ಒಂದು ತುಂಡನ್ನಾದರೂ ಕಟ್ಟಿಕೊಂಡು ಹೋಗಬೇಕು ಎಂಬುದು ಅವಳ ಲೆಕ್ಕ. ಅದೂ ಸಾಲಲಿಲ್ಲ. ಮರುವರ್ಷವೇ ಐದು ವರ್ಷದ ಪೀಟರ್ ಭೇದಿಯಿಂದ ಸತ್ತ. ಡೊರೊಥಿಯ ಮನಸ್ಸು ಕದಡಿತು, 1807ರಲ್ಲಿ ಸಾಯುವವರೆಗೂ ತಿಳಿಯಾಗಲಿಲ್ಲ. ಅವಳು ಪಕ್ಕದ ಕೋಣೆಯಲ್ಲಿ ಕೂಗಾಡುತ್ತಿದ್ದಾಗಲೇ ಕೇರಿ ಅನುವಾದದ ಕೆಲಸ ಮಾಡುತ್ತಿದ್ದ. ಅದೇ ಮನುಷ್ಯ 1817ರಲ್ಲಿ ಶ್ರೀರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನೂ ಅಚ್ಚು ಹಾಕಿಸಿದ. ಕನ್ನಡದ ಊರುಗಳಲ್ಲಿ ಸಂಸಾರ ಹೂಡದೆ ಬರೆದ ವ್ಯಾಕರಣ ಅದು. ವಿದ್ವಾಂಸರಿಗೆ ಅದರ ಹೆಸರು ಗೊತ್ತು. ಅದನ್ನು ಬಳಸಿದವರು ಕಡಿಮೆ.

ಕರಾವಳಿ ಮತ್ತು ಧಾರವಾಡ ಸೀಮೆಗೆ ಬಂದ ಬಾಸೆಲ್ ಮಿಷನ್ನಿನವರು ಈ ತೊಡಕನ್ನು ನಿಯಮಗಳಿಂದ ಬಿಡಿಸಲು ನೋಡಿದರು. ಹೊಸಬ ಮದುವೆಯಾಗಿ ಬರುವ ಹಾಗಿಲ್ಲ. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಸಮಿತಿಗೆ ಅರ್ಜಿ ಹಾಕಬೇಕು. ಒಪ್ಪಿಗೆ ಸಿಕ್ಕರೆ ಎಷ್ಟೋ ಸಲ ಮುಖವನ್ನೇ ನೋಡದ ಹೆಣ್ಣು ಹಡಗಿನಲ್ಲಿ ಬರುತ್ತಾಳೆ. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕು. ಅದಕ್ಕೆಂದೇ 1853ರಲ್ಲಿ ಬಾಸೆಲ್ ನಗರದಲ್ಲಿ ಮಕ್ಕಳ ಮನೆಯೊಂದು ತೆರೆಯಿತು. ಅಪ್ಪ ಅಮ್ಮ ಮಂಗಳೂರಿನಲ್ಲಿ, ಮಗು ರೈನ್ ನದಿಯ ದಡದಲ್ಲಿ. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಅವರ ಮಗಳು ಮಾರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಹೀಗೆ ಅತ್ತ ಬೆಳೆದು, ಹದಿಹರೆಯದಲ್ಲಿ ಮತ್ತೆ ಮಲಬಾರಿಗೆ ಬಂದು ತಂದೆತಾಯಿಯನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಯಿತು. ಕಾದಂಬರಿಕಾರ ಹರ್ಮನ್ ಹೆಸ್ಸೆ ಆಕೆಯ ಮಗ. ನಮ್ಮ ಕನ್ನಡ ನಿಘಂಟಿನ ಕಿಟ್ಟೆಲ್ ಅವರ ಮನೆಯಲ್ಲೂ ಅದೇ ಹದ: ಮೊದಲ ಹೆಂಡತಿ ಪೌಲಿನಾ ತೀರಿಕೊಂಡ ಮೇಲೆ ಅವರು ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ಅಕ್ಕ ಹೋದರೆ ತಂಗಿಯನ್ನು ಕೊಟ್ಟು ತೊಟ್ಟಿಲು ಉಳಿಸಿಕೊಳ್ಳುವುದು ಕೋಲಾರದ ಯಾವ ಹಳ್ಳಿಯವರಿಗೂ ವಿವರಿಸಬೇಕಾದ ಸಂಗತಿಯಲ್ಲ. ಜರ್ಮನಿಯ ಪಾದ್ರಿಯ ಮನೆ ಮತ್ತು ಮುಳಬಾಗಿಲಿನ ಒಕ್ಕಲಿಗರ ಮನೆ ಒಂದೇ ಹೊಸ್ತಿಲಿಗೆ ಬಂದು ನಿಂತದ್ದು ಇಂಥ ಕಡೆ, ಧರ್ಮಚರ್ಚೆಯಲ್ಲಿ ಅಲ್ಲ.

ಮಾಲೂರಿನಿಂದ ಕೋಲಾರಕ್ಕೆ ಬಂದರೆ ವಾದಕ್ಕೆ ಮೊದಲ ಪೆಟ್ಟು ಬೀಳುತ್ತದೆ. ಅಂತರಗಂಗೆಯ ಬೆಟ್ಟದ ತಪ್ಪಲಿನ ಈ ಊರಿನಲ್ಲಿ ಮಿಷನ್ ಕೆಲಸ ಬೇರೂರಿದ್ದು ಸಂಸಾರಿಗಳಿಂದಲ್ಲ, ಲೂಯಿಸಾ ಆನ್‌ಸ್ಟಿ ಎಂಬ ಅವಿವಾಹಿತ ಇಂಗ್ಲಿಷ್ ಹೆಂಗಸಿನಿಂದ. ಕಾಲ 1876–78ರ ಧಾತು ಈಶ್ವರದ ಬರ. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ಕೆಳಗೆ ಇಳಿದಿತ್ತು. ದಾರಿಬದಿಯಲ್ಲಿ ಬಿಟ್ಟುಹೋದ ಮಕ್ಕಳನ್ನು ಆಕೆ ಎತ್ತಿಕೊಂಡು ಅನಾಥಾಲಯ ಮಾಡಿದಳು. 1890ರಲ್ಲಿ ಅದನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚಿಗೆ ಒಪ್ಪಿಸಿದಳು. ಇಲ್ಲಿ ಮಕ್ಕಳು ಬೇಕಾದಷ್ಟು, ತೊಟ್ಟಿಲಿನ ಸಾಲ ಮಾತ್ರ ಇಲ್ಲ. ಇನ್ನೂ ಕಹಿಯಾದ ಆಕ್ಷೇಪವೂ ಇದೆ: ಹಸಿದ ಮಗುವಿಗೆ ಗಂಜಿಯ ಜೊತೆ ಹೊಸ ದೇವರನ್ನೂ ಕೊಟ್ಟರೆ ಅದು ಆಯ್ಕೆಯೇ? ಅಲ್ಲ. ಗಂಜಿ ಸಿಕ್ಕದೆ ಸತ್ತಿದ್ದರೆ ಯಾವ ದೇವರೂ ಇರುತ್ತಿರಲಿಲ್ಲ ಎಂಬ ಮರುಮಾತು ಸತ್ಯವೇ, ಆದರೆ ಅದು ಪ್ರಶ್ನೆಗೆ ಉತ್ತರವಲ್ಲ. ಬರದ ಮಗು ಕೇಳುವ ಸ್ಥಿತಿಯಲ್ಲಿರಲಿಲ್ಲ, ಅದರ ಕಡೆಯವರೂ ಉಳಿದಿರಲಿಲ್ಲ. ಅನಾಥಾಲಯದಲ್ಲಿ ಕೊಡುವ ಕೈ ಯಾವಾಗಲೂ ಮೇಲೆಯೇ ಇರುತ್ತದೆ. ನಾನು ಹೇಳುತ್ತಿರುವ ವ್ಯತ್ಯಾಸ ಸ್ಪಷ್ಟವಾಗುವುದೂ ಇಲ್ಲಿಯೇ: ಬೇರೆಯವರ ಮಕ್ಕಳನ್ನು ಸಾಕುವವರು ಊರಿಗೆ ಉಪಕಾರಿಗಳಾಗುತ್ತಾರೆ; ತಮ್ಮ ಮಗುವನ್ನು ಬೇರೆಯವರ ಕೈಗೆ ಕೊಡುವವರು ಊರಿಗೆ ನೆಂಟರಾಗುತ್ತಾರೆ.

ಎರಡನೇ ಪೆಟ್ಟು ಅದೇ ಊರಿನ ಇ.ಟಿ.ಸಿ.ಎಂ. ಆಸ್ಪತ್ರೆಯಿಂದ. ಹೆಸರಿನ ಅಕ್ಷರಗಳನ್ನು ಬಿಡಿಸಿದರೆ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ. ಕೋಲಾರದ ಹಳಬರಿಗೆ ಅದು ಇಂದಿಗೂ ಮಿಷನ್ ಆಸ್ಪತ್ರೆ. ಲಖನೌದ ಮಹಿಳಾ ಕಾಲೇಜಿನ ಇಸಾಬೆಲ್ಲಾ ಥೋಬರ್ನ್ ಅವರ ಸೋದರಿ ಈ ಎಲೆನ್. ಅಮೆರಿಕದ ಸಿನ್ಸಿನಾಟಿ ಕಡೆ ಮೆಥೊಡಿಸ್ಟ್ ಹೆಂಗಸರ ವಿದೇಶ ಮಿಷನ್ ಸಂಘಕ್ಕೆ ದುಡಿದವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ಶುರುವಾದ ಆ ಆಸ್ಪತ್ರೆಯನ್ನು ನಡೆಸಿದ ಡಾಕ್ಟರಮ್ಮಂದಿರು ಮದುವೆಯಾಗದವರು. ಆ ಸಂಘ ಹೊರದೇಶಕ್ಕೆ ಕಳಿಸುತ್ತಿದ್ದುದೇ ಒಂಟಿ ಹೆಂಗಸರನ್ನು. ಹಾಗಾದರೆ ಕೋಲಾರದಲ್ಲಿ ಉಳಿದುಬಂದ ದೊಡ್ಡ ಸಂಸ್ಥೆ ತೊಟ್ಟಿಲಿಲ್ಲದವರದ್ದು. ಇಲ್ಲಿ ನನ್ನ ವಾದ ಬಾಗಲೇಬೇಕು. ಆದರೆ ಮುರಿಯಬೇಕಾಗಿಲ್ಲ. ಹೆಂಗಸರಿಗೆ ಹೆಂಗಸು ಡಾಕ್ಟರೇ ಬೇಕು ಎಂಬ ಅರಿವು ಮಿಷನ್ನುಗಳಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ದಾರಿ ಮತ್ತೆ ಮನೆಯೊಳಕ್ಕೇ ಹೋಗುತ್ತದೆ. ಮುಳಬಾಗಿಲಿನಿಂದ ಹೆದ್ದಾರಿ ಹಿಡಿದು ಚಿತ್ತೂರಿನ ಮೇಲೆ ಹೋದರೆ ವೆಲ್ಲೂರು. ಕೋಲಾರ ಜಿಲ್ಲೆಯಲ್ಲಿ ಕಾಯಿಲೆ ಕೈಮೀರಿತೆಂದರೆ ಇಂದಿಗೂ ಬಾಯಿಗೆ ಬರುವ ಹೆಸರು. ಅಲ್ಲಿಯ ಆಸ್ಪತ್ರೆ ಕಟ್ಟಿದ ಐಡಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ ಮಿಷನರಿ ಮನೆಯಲ್ಲೇ ಹುಟ್ಟಿದ ಮಗು. ಮಿಷನರಿಯಾಗುವುದಿಲ್ಲ ಎಂದು ಹಟ ಹಿಡಿದಿದ್ದವಳು. ತಿಂಡಿವನದಲ್ಲಿ ಒಂದೇ ರಾತ್ರಿ ಮೂರು ಮನೆಯವರು ಹೆರಿಗೆಗೆ ಹೆಂಗಸು ಬೇಕೆಂದು ಬಾಗಿಲಿಗೆ ಬಂದು, ಡಾಕ್ಟರಾಗಿದ್ದ ಅವಳ ಅಪ್ಪನನ್ನು ಒಲ್ಲೆವೆಂದು ಹಿಂದಿರುಗಿದರು, ಮೂವರು ಹೆಂಗಸರೂ ಸತ್ತರು. ಅವಳ ಬದುಕು ತಿರುಗಿದ್ದು ಅಲ್ಲಿ. ಆ ಬಾಗಿಲಿಗೆ ಅವರು ಬಂದದ್ದು ಅಲ್ಲಿ ಒಬ್ಬ ಮನೆಮಗಳು ಇದ್ದದ್ದರಿಂದ. ಬರೀ ಕಚೇರಿಯಾಗಿದ್ದರೆ ಬರುತ್ತಿರಲಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಮಿಷನರಿಗಳ ಮಕ್ಕಳನ್ನು ಆಡಿಸಿದ ಆಯಾಗಳಿಗೆ ಸಂಬಳ ಕೊಡುತ್ತಿದ್ದರಲ್ಲ, ಇದರಲ್ಲಿ ಸಾಲವೇನು ಬಂತು? ಮಿಷನ್ ಬಂಗಲೆ ಊರಿನಿಂದ ದೂರ, ಸುತ್ತ ಕಾಂಪೌಂಡು. ಅಡುಗೆಯವನು, ನೀರಿನವನು, ತೋಟದವನು, ಆಯಾ, ಎಲ್ಲರೂ ಆಳುಗಳು. ಆಳು ಮತ್ತು ದೊರೆ ಎಂಬ ಸಂಬಂಧಕ್ಕೆ ನೆಂಟಸ್ತನದ ಬಣ್ಣ ಬಳಿಯುವುದು ಮೋಸ. ಒಪ್ಪುತ್ತೇನೆ. ಆ ಮನೆಗಳ ಕಾಗದಪತ್ರಗಳಲ್ಲಿ ದೊರೆಸಾನಿಯ ಜ್ವರದ ದಿನಾಂಕ ಸಿಕ್ಕುತ್ತದೆ, ಆಯಾಳ ಹೆಸರು ಬಹುಪಾಲು ಸಿಕ್ಕುವುದಿಲ್ಲ. ತನ್ನ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಬಂದು ಬಿಳಿ ಮಗುವನ್ನು ಆಡಿಸಿದ ಹೆಣ್ಣಿನ ಸಂಕಟವನ್ನು ಯಾವ ವರದಿಯೂ ಬರೆದಿಟ್ಟಿಲ್ಲ. ಆದರೂ ಸಂಬಳ ತೀರಿಸುವುದು ಕೆಲಸದ ಗಂಟೆಗಳನ್ನು. ಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿ ಎಣ್ಣೆ ತಿಕ್ಕುವ ಹದ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯ ಸರಿ ಯಾವ ತಿಂಗಳಿಗೆ ಹೊಟ್ಟೆಗೆ ಹಿಡಿಯುತ್ತದೆಂಬ ತಿಳಿವಳಿಕೆ, ಬೇಸಿಗೆಯ ಭೇದಿಗೆ ಏನು ಕೊಡಬಾರದೆಂಬ ಎಚ್ಚರ, ಇವು ಸಂಬಳದ ಪಟ್ಟಿಯಲ್ಲಿ ಬರುವ ಬಾಬ್ತುಗಳಲ್ಲ. ಉಪದೇಶದ ಪೀಠದಿಂದ ಈ ಜನಕ್ಕೆ ಏನೂ ತಿಳಿಯದು ಎಂದು ಹೇಳಿ ಬಂದವನು ಮನೆಯೊಳಗೆ ಕಾಲಿಟ್ಟ ಕೂಡಲೇ ಮಗುವಿನ ಜೀವವನ್ನು ಆ ಜನದ ತಿಳಿವಳಿಕೆಗೇ ಒಪ್ಪಿಸಬೇಕಾಗುತ್ತಿತ್ತು. ಈ ಇಬ್ಬಂದಿ ಅವನ ಮಾತಿನ ದನಿಯನ್ನು ತಗ್ಗಿಸದೆ ಇರುವುದು ಹೇಗೆ? ಸಾಲ ತೀರಲಿಲ್ಲವೆಂಬುದೇ ನನ್ನ ಮಾತು. ತೀರಿಸಿದರು ಎಂದು ನಾನೆಲ್ಲೂ ಹೇಳುತ್ತಿಲ್ಲ.

ಕೋಲಾರದಿಂದ ಉತ್ತರಕ್ಕೆ ಶ್ರೀನಿವಾಸಪುರದ ದಾರಿ. ಎರಡೂ ಕಡೆ ಮಾವಿನ ತೋಪು; ಫಲದ ಕಾಲದಲ್ಲಿ ಮಂಡಿಗಳ ಮುಂದೆ ಲಾರಿಗಳ ಸಾಲು, ಉಳಿದ ಕಾಲದಲ್ಲಿ ಒಣ ಗಾಳಿ. ಮೊದಲು ಪಾಪನಪಲ್ಲಿಯಾಗಿದ್ದ ಊರಿಗೆ ದಿವಾನ್ ಪೂರ್ಣಯ್ಯನವರ ಮಗ ಶ್ರೀನಿವಾಸಮೂರ್ತಿಯ ಹೆಸರು ಬಂತಂತೆ. ಮಗನ ಹೆಸರಿನ ಊರು. ಇಲ್ಲಿಯ ಭಾಷೆಯ ಸಂಗತಿ ನೋಡಬೇಕು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡರ ಜೊತೆ ಉರ್ದು, ತಮಿಳು. ಹೆಸರು ಬರೆಯುವಾಗ ಪಲ್ಲಿ, ಹಳ್ಳಿ ಎರಡೂ ನಡೆಯುತ್ತವೆ. ಮುನ್ಷಿಯ ಮುಂದೆ ಕೂತು ಗ್ರಾಂಥಿಕ ಕನ್ನಡ ಕಲಿತ ಪಾದ್ರಿ ಇಂಥ ಊರಿನಲ್ಲಿ ಬಾಯಿಬಿಟ್ಟರೆ ಜನ ಗೌರವದಿಂದ ಕೇಳುತ್ತಾರೆ, ಆಮೇಲೆ ತಮ್ಮ ತಮ್ಮಲ್ಲಿ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಾರೆ. ಅವನ ಮಗುವಿಗೆ ಮಾತ್ರ ಯಾವ ಮುನ್ಷಿಯೂ ಬೇಡ; ಆಯಾಳ ಕಂಕುಳಲ್ಲಿ ಕೂತು ಅದು ಮೂರು ಭಾಷೆಗಳಲ್ಲಿ ರಚ್ಚೆ ಹಿಡಿಯುತ್ತದೆ. ಇದು ಊಹೆಯ ಸೊಗಸಲ್ಲ, ಇದಕ್ಕೆ ನಾಡಿನ ಚರಿತ್ರೆಯಲ್ಲೇ ಸಾಕ್ಷಿಯಿದೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಅವರ ಮಗ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ. ಓದಿಗೆ ಇಂಗ್ಲೆಂಡಿಗೆ ಹೋಗಿ 1860ರಲ್ಲಿ ಮರಳಿದ. ಅವನೇ ಬಿ. ಎಲ್. ರೈಸ್. ಸುಮಾರು 9,000 ಶಾಸನಗಳನ್ನು ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಕರ್ತೃ. ಅದರ ಹತ್ತನೆಯ ಸಂಪುಟ, 1905ರದು, ಕೋಲಾರ ಜಿಲ್ಲೆಯದೇ. ತಮ್ಮ ಇ. ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆ ಬರೆದರು. ಅಪ್ಪ ಕನ್ನಡಿಗರಿಗೆ ಓದಿಸಲು ಬಂದರು. ಮಕ್ಕಳಿಬ್ಬರೂ ಕನ್ನಡವನ್ನು ಓದಲು ಕೂತರು. ಒಂದೇ ಮನೆಯಲ್ಲಿ ಎರಡು ಸಲ ಆದದ್ದನ್ನು ಆಕಸ್ಮಿಕವೆನ್ನಲು ನಾನು ತಯಾರಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಯಾವುದೇ ಹಳ್ಳಿಯವರು ತಮ್ಮೂರ ಕಲ್ಲಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಇಂದಿಗೂ ತೆರೆಯುವುದು ಆ ಪಾದ್ರಿಯ ಮನೆಯ ಕೂಸು ಕಟ್ಟಿಕೊಟ್ಟ ಪುಸ್ತಕವನ್ನೇ.

ಮುಳಬಾಗಿಲು ಎಂದರೆ ಮೂಡಲ ಬಾಗಿಲು. ಡಿ.ವಿ.ಜಿ. ಹುಟ್ಟಿದ ಊರು, ಆಂಧ್ರದಿಂದ ಬರುವವರಿಗೆ ಕನ್ನಡನಾಡಿನ ಹೊಸ್ತಿಲು. ಊರಾಚೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. ಹದಿನೈದನೆಯ ಶತಮಾನದ ಈ ಯತಿ ವ್ಯಾಸತೀರ್ಥರಿಗೆ ವಿದ್ಯೆ ಹೇಳಿದವರು, ಸಂಸ್ಕೃತದ ಪಂಡಿತರ ನಡುವೆ ಕೂತು ಕನ್ನಡದಲ್ಲಿ ಹಾಡು ಕಟ್ಟಿದವರು. ಇವರನ್ನು ಎದುರಿಗಿಟ್ಟುಕೊಂಡರೆ ನನ್ನ ವಾದಕ್ಕೆ ಕೊನೆಯ ಪರೀಕ್ಷೆ. ಹೆಂಡತಿ ಮಕ್ಕಳಿಲ್ಲದ ಸನ್ಯಾಸಿಯೇ ಜನರ ಭಾಷೆಗೆ ಇಷ್ಟು ಹತ್ತಿರ ಬಂದನಲ್ಲ, ಧರ್ಮ ಹರಡಲು ಸಂಸಾರ ತೊಡಕೇ ಹೊರತು ನೆರವಲ್ಲ ಎಂಬುದು ನಮ್ಮ ಮಠಗಳ ಹಳೆಯ ತೀರ್ಮಾನ. ಬೌದ್ಧ ಭಿಕ್ಷುಗಳದ್ದೂ ಜೈನ ಮುನಿಗಳದ್ದೂ ಅದೇ. ಶ್ರೀಪಾದರಾಜರು ಚನ್ನಪಟ್ಟಣದ ಬಳಿಯ ಅಬ್ಬೂರಿನ ಮಣ್ಣಿನ ಮಗ, ತಾಯಿಭಾಷೆಯನ್ನು ಎರವಲು ತರಬೇಕಾಗಿರಲಿಲ್ಲ ಎಂಬ ಉತ್ತರವಿದೆ, ಆದರೆ ಅದು ಸುಲಭದ ಉತ್ತರ. ಇನ್ನೊಂದು ಸಂಗತಿ ನನಗೆ ಮುಖ್ಯ. ಸನ್ಯಾಸಿಗೆ ಸಂಸಾರ ಬೇಡವೆಂದ ಸಂಪ್ರದಾಯವೇ ಅವನಿಗೆ ಭಿಕ್ಷೆಯನ್ನು ವಿಧಿಸಿತು. ಎಷ್ಟೇ ದೊಡ್ಡ ಜ್ಞಾನಿಯಾದರೂ ಮನೆಯ ಮುಂದೆ ನಿಂತು ಕೈಯೊಡ್ಡಬೇಕು. ಕೊಡುವವನಾಗುವ ಮೊದಲು ದಿನಕ್ಕೊಮ್ಮೆ ಬೇಡುವವನಾಗಬೇಕು. ಜಂಗಮನ ಜೋಳಿಗೆಯಲ್ಲೂ ದಾಸರ ಗೋಪಾಳದ ಬುಟ್ಟಿಯಲ್ಲೂ ಇರುವುದು ಈ ಲೆಕ್ಕವೇ. ಹೊರದೇಶದ ಮಿಷನರಿಗೆ ಈ ಕಟ್ಟಳೆ ಇರಲಿಲ್ಲ. ಅವನ ಸಂಬಳ ಬಾಸ್ಟನ್ನಿನಿಂದಲೋ ಬಾಸೆಲಿನಿಂದಲೋ ಲಂಡನ್ನಿನಿಂದಲೋ ಬರುತ್ತಿತ್ತು. ಊರಿನವರ ಒಂದು ಹಿಡಿ ರಾಗಿಯೂ ಅವನಿಗೆ ಬೇಕಾಗಿರಲಿಲ್ಲ. ಆ ಭದ್ರವಾದ ಏರ್ಪಾಟಿನಲ್ಲಿ ಉಳಿದ ಒಂದೇ ಒಂದು ಕಿಂಡಿ ಅವನ ಮಗು. ಸನ್ಯಾಸಿ ಜೋಳಿಗೆಯಿಂದ ಕಲಿತದ್ದನ್ನು ಪಾದ್ರಿ ತೊಟ್ಟಿಲಿನಿಂದ ಕಲಿತ.

ಈಗ ಪ್ರಯಾಣದ ದಿಕ್ಕು ತಿರುಗಿದೆ. ಈ ಜಿಲ್ಲೆಯ ಮಕ್ಕಳು ಕಂಪ್ಯೂಟರಿನ ಕೆಲಸಕ್ಕೆ ಅಮೆರಿಕ, ಜರ್ಮನಿ, ಆಸ್ಟ್ರೇಲಿಯ ಸೇರುತ್ತಾರೆ. ಕೆಲವರು ಸಭಾಪಾಲಕರಾಗಿ, ಅರ್ಚಕರಾಗಿ, ಯೋಗ ಕಲಿಸುವವರಾಗಿಯೂ ಹೋಗುತ್ತಾರೆ. ಅಲ್ಲಿ ಮಗು ಹುಟ್ಟುವ ಹೊತ್ತಿಗೆ ಇಲ್ಲಿಂದ ಅಜ್ಜಿಯೊಬ್ಬಳು ಆರು ತಿಂಗಳ ಮಟ್ಟಿಗೆ ವಿಮಾನ ಹತ್ತುತ್ತಾಳೆ. ಸೂಟ್‌ಕೇಸಿನಲ್ಲಿ ಬಜೆ, ಬಾಣಂತಿ ಲೇಹ್ಯ, ಮೆಣಸುಸಾರಿನ ಪುಡಿ, ಮೊಳಕೆ ರಾಗಿ ಹಿಟ್ಟು. ಯಾವುದನ್ನು ಕಸ್ಟಮ್ಸ್‌ನವರು ಎಸೆಯುತ್ತಾರೋ ಎಂಬ ದಿಗಿಲು. ಡೊರೊಥಿ ಕೇರಿಯ ಷರತ್ತನ್ನು ನಾವು ಇಷ್ಟು ಸಲೀಸಾಗಿ ಪಾಲಿಸುತ್ತಿರುವುದು ಅನುಕೂಲವೇ, ಅದರಲ್ಲಿ ಅನುಮಾನವಿಲ್ಲ. ತಾಯಂದಿರ ಜೀವ ಹಗುರವಾಗಿದೆ. ಆದರೆ ತವರೇ ವಿಮಾನದಲ್ಲಿ ಬಂದಿಳಿದರೆ ಪಕ್ಕದ ಮನೆಯ ಬಾಗಿಲು ತಟ್ಟುವ ಅಗತ್ಯ ಬೀಳುವುದಿಲ್ಲ. ಹತ್ತು ವರ್ಷ ಒಂದೇ ಬೀದಿಯಲ್ಲಿದ್ದೂ ಎದುರುಮನೆಯವರ ಹೆಸರು ತಿಳಿಯದೆ ಇರುವುದು ಸಾಧ್ಯವಾಗುವುದು ಹೀಗೆ. ಮಾಲೂರಿನ ಗೂಡಿನ ಹೆಣ್ಣಿಗೆ ಈ ಅನುಕೂಲವಿಲ್ಲ. ಅವಳು ಹಾಲಿಗೂ ಔಷಧಿಗೂ ಅಂಗನವಾಡಿಯವರ, ಊರಿನವರ ಬಾಗಿಲಿಗೆ ಬರಲೇಬೇಕು. ಬಂದಾಗ ಊರು ಅವಳಿಗೆ ಕೊಡುವ ಮುಖ ಎಂಥದು ಎಂಬುದನ್ನು ಮಿಷನರಿಗಳ ಲೆಕ್ಕ ಕೇಳುವ ನಾವು ಒಮ್ಮೆ ನೋಡಿಕೊಳ್ಳಬಹುದು.

ಮುಳಬಾಗಿಲಿನಿಂದ ಸ್ವಲ್ಪ ದೂರದಲ್ಲಿ ಆವನಿ. ನೊಳಂಬರ ಕಾಲದ ರಾಮಲಿಂಗೇಶ್ವರ, ಲಕ್ಷ್ಮಣ, ಭರತ, ಶತ್ರುಘ್ನ ಲಿಂಗಗಳ ಗುಡಿಗಳು ಒಂದೇ ಅಂಗಳದಲ್ಲಿ. ಹತ್ತನೆಯ ಶತಮಾನದಲ್ಲಿ ಇಲ್ಲಿ ಸ್ಥಾನವನ್ನಾಳಿದ ತ್ರಿಭುವನಕರ್ತಾರ ಎಂಬ ಶೈವಯತಿ ಗುಡಿಗಳನ್ನೂ ಕೆರೆಗಳನ್ನೂ ಕಟ್ಟಿಸಿದ್ದನ್ನು ಹೇಳುವ ಶಾಸನವನ್ನು ಓದಿ ಅಚ್ಚು ಹಾಕಿಸಿದವರೂ ಅದೇ ರೈಸ್. ಹಿಂದಿನ ಬೆಟ್ಟ ಹತ್ತಿದರೆ ಸೀತೆಯ ಗುಡಿ. ಗಂಡನ ಮನೆಯಿಂದ ಹೊರಹಾಕಿಸಿಕೊಂಡ, ತವರಿಗೂ ಹೋಗದ ತುಂಬು ಗರ್ಭಿಣಿ ಲವಕುಶರನ್ನು ಹೆತ್ತದ್ದು ಇಲ್ಲೇ, ವಾಲ್ಮೀಕಿಯ ಆಶ್ರಮವಿದ್ದದ್ದು ಇಲ್ಲೇ ಎಂದು ಈ ಕಡೆಯ ಜನ ನಂಬುತ್ತಾರೆ. ಮಕ್ಕಳಾಗದವರು ಹರಕೆ ಹೊತ್ತು ಈ ಕಲ್ಲುಮೆಟ್ಟಿಲು ಹತ್ತುತ್ತಾರೆ. ಜನಪದರು ಹೇಳುವ ಕಥೆಯಲ್ಲಿ ಸೀತೆ ಹೆತ್ತದ್ದು ಒಂದೇ ಮಗು. ಒಂದು ದಿನ ತೊಟ್ಟಿಲನ್ನು ನೋಡಿಕೊಳ್ಳಿ ಎಂದು ಋಷಿಗೆ ಹೇಳಿ ನೀರಿಗೆ ಹೊರಟವಳು, ಯಾಕೋ ಮನಸ್ಸು ತಡೆಯದೆ ಹಿಂದಿರುಗಿ ಸದ್ದಿಲ್ಲದೆ ಕೂಸನ್ನು ಎತ್ತಿಕೊಂಡು ಹೋದಳು. ಧ್ಯಾನದಿಂದ ಕಣ್ಣು ತೆರೆದ ವಾಲ್ಮೀಕಿ ನೋಡಿದರೆ ತೊಟ್ಟಿಲು ಬರಿದು. ಮಹಾಜ್ಞಾನಿಗೆ ಕೈಕಾಲು ನಡುಗಿತು. ಆ ತಾಯಿಗೆ ಏನೆಂದು ಉತ್ತರ ಹೇಳಲಿ ಎಂದು ಗಾಬರಿಯಾಗಿ, ಕೈಗೆ ಸಿಕ್ಕ ಒಂದು ಹಿಡಿ ದರ್ಭೆಯನ್ನು ಕಿತ್ತು, ಜೀವ ತುಂಬಿ, ತೊಟ್ಟಿಲಲ್ಲಿ ಮಲಗಿಸಿ ತೂಗುತ್ತ ಕೂತ. ಅಷ್ಟರಲ್ಲಿ ಸೀತೆ ಬಂದಳು, ತಲೆಯ ಮೇಲೆ ಕೊಡ, ಕಂಕುಳಲ್ಲಿ ಮಗು.